ಕೆಳಗಿನ ಎರಡು ಜೇಬು

ಟೋಂಗ್ ಯಾಝೆನ್ ನನ್ನ ಅಂಗಡಿಗೆ ಮೊದಲ ಸಲ ಬಂದಾಗ ನಾನು ಅವರನ್ನು ತೂಗಿ ನೋಡಿದ್ದು ಹೀಗೆ: ವಯಸ್ಸು ಅರವತ್ತೈದರ ಮೇಲೆ. ಎತ್ತರ ಕಮ್ಮಿ, ಬೆನ್ನು ನೆಟ್ಟಗೆ. ಕೂದಲಿಗೆ ಬಣ್ಣವಿಲ್ಲ. ಕೈಯಲ್ಲಿ ಕೋಸಿನ ಚೀಲ, ಅದರಲ್ಲಿ ಕೋಸು ಆಗಲೇ ಇದೆ, ಅಂದರೆ ಬೆಳಗಿನ ದುಡ್ಡು ಖರ್ಚಾಗಿದೆ. ಬಲಗೈಯ ತೋರುಬೆರಳು ತುದಿಯಲ್ಲಿ ಸೊಟ್ಟ. ಇವರು ಕೊಳ್ಳುವವರಲ್ಲ, ಮುಟ್ಟಿ ನೋಡಿ ಹೋಗುವವರು ಎಂದು ತೀರ್ಮಾನಿಸಿ ನಾನು ಸೂರ್ಯಕಾಂತಿ ಬೀಜ ಬಿಡಿಸುವುದನ್ನು ಮುಂದುವರಿಸಿದೆ.

ಅವರು ತೂಗುಹಾಕಿದ್ದ ಒಂದು ಹಸಿರು ಕೋಟಿನ ತೋಳನ್ನು ಒಳಮೈ ಹೊರಗೆ ಮಾಡಿ, ಕಣ್ಣಿನ ಹತ್ತಿರ ಹಿಡಿದು, "ಈ ತೋಳು ಶನಿವಾರ ಮಧ್ಯಾಹ್ನ ಹೊಲಿದದ್ದು" ಅಂದರು.

"ಅದು ಹೆಂಗೆ ಗೊತ್ತಾಗುತ್ತೆ ನಿಮಗೆ?"

"ವಾರವೆಲ್ಲ ಬೆರಳಗಲಕ್ಕೆ ಎಂಟು ಹೊಲಿಗೆ. ಶನಿವಾರ ಮಧ್ಯಾಹ್ನ ಕಾರ್ಖಾನೆ ಸ್ನಾನದ ಮನೆಗೆ ಸಾಲು ನಿಲ್ಲೋ ಅವಸರ ಎಲ್ಲರಿಗೂ. ಆವಾಗ ಬೆರಳಗಲಕ್ಕೆ ಆರು. ಎಣಿಸಿ ನೋಡು."

ಎಣಿಸಿದೆ. ಆರೇ ಇತ್ತು. ಬೀಜ ಪಕ್ಕಕ್ಕಿಟ್ಟು ಕುರ್ಚಿ ಒರೆಸಿ ಕೊಟ್ಟೆ. ವ್ಯಾಪಾರದಲ್ಲಿ ನನ್ನ ಅಂದಾಜು ತಪ್ಪುವುದು ಅಪರೂಪ. ಅವತ್ತು ತಪ್ಪಿತ್ತು, ಆದರೆ ಲಾಭದ ಕಡೆಗೆ ತಪ್ಪಿತ್ತು.

ನನ್ನದು ಶೆನ್‌ಯಾಂಗ್‌ನ ಹಳೇ ಸಾಮಾನಿನ ಮಾರುಕಟ್ಟೆಯ ನೆಲಮಾಳಿಗೆಯಲ್ಲಿ ಬಟ್ಟೆಯ ಅಂಗಡಿ. ಹಳೇ ಬಟ್ಟೆ ಅಂದರೆ ಎಲ್ಲಾ ಹಳೇದೂ ಅಲ್ಲ. ನಮ್ಮ ಅಪ್ಪ ಅಮ್ಮ ತೊಟ್ಟ ಕಾಲದ್ದು: ಕುತ್ತಿಗೆವರೆಗೂ ಗುಂಡಿ ಹಾಕುವ ನೀಲಿ ಕೋಟು, ಬೂದಿ ಬಣ್ಣದ ಕೋಟು, ಸೈನ್ಯದ ಹಸಿರು ಕೋಟು, ಟೋಪಿ, ಭುಜಕ್ಕೆ ನೇತುಹಾಕುವ ಚೀಲ. ಆಗ ಇಡೀ ಬೀದಿಯೇ ಅದನ್ನು ತೊಡುತ್ತಿತ್ತು, ಯಾರೂ ಯಾರನ್ನೂ ತಿರುಗಿ ನೋಡುತ್ತಿರಲಿಲ್ಲ. ಈಗ ಮದುವೆ ಫೋಟೋಗೆ ಅಂತ ಜೋಡಿಗಳು ಬರುತ್ತವೆ. ಸಿನಿಮಾದವರು ಬರುತ್ತಾರೆ. ಹುಬ್ಬಿಗೆ ಬೆಳ್ಳಿ ಸಿಕ್ಕಿಸಿಕೊಂಡ ಹುಡುಗಿಯರು ಬಂದು "ಆಂಟಿ, ಇದು ನಿಜವಾಗ್ಲೂ ನಿಜವಾದದ್ದಾ?" ಅನ್ನುತ್ತಾರೆ. ಒಂಟಿಯಾಗಿ ಬರುವ ಮುದುಕರೂ ಇದ್ದಾರೆ. ಅವರು ಬೆಲೆ ಕೇಳುವುದಿಲ್ಲ, ಕೊರಳಪಟ್ಟಿ ಮೂಸಿ ನೋಡುತ್ತಾರೆ.

ಟೋಂಗಕ್ಕ ಸೈನ್ಯದ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ್ದರು. ಹದಿನೆಂಟಕ್ಕೆ ಸೇರಿದ್ದು. ನಲವತ್ತಾರಕ್ಕೆ ಕಾರ್ಖಾನೆಯೇ ಅವರನ್ನು ಬಿಟ್ಟಿತು. ಆ ಕಾಲದಲ್ಲಿ ಈ ಊರಿನ ಅರ್ಧ ಜನರನ್ನು ಅವರವರ ಕಾರ್ಖಾನೆ ಹಾಗೇ ಬಿಟ್ಟದ್ದು, ಅದರಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ. ಆ ಮೇಲೆ ಮನೆಯ ಜಗುಲಿಯಲ್ಲಿ ಯಂತ್ರವಿಟ್ಟುಕೊಂಡು ಪ್ಯಾಂಟಿನ ಜಿಪ್ಪು ಹಾಕಿಕೊಡುತ್ತಿದ್ದರು. ನನ್ನ ಅಂಗಡಿಗೆ ವಾರಕ್ಕೆ ಎರಡು ದಿನ ಬಂದು ಹರಿದದ್ದು ಹೊಲಿಯುವುದು, ಗುಂಡಿ ಹಾಕುವುದು ಶುರುಮಾಡಿದರು. ನನಗೆ ಐವತ್ತೊಂದು ತುಂಬಿತ್ತು, ಅವರು ಮಾತ್ರ ನನ್ನನ್ನು "ಸಣ್ಣ ಜಿನ್" ಅಂದರು. ಎಂಟು ವರ್ಷದ ಮೇಲೂ ನಾನು ಸಣ್ಣವಳೇ.

ಇನ್ನು ಜೇಬಿನ ವಿಷಯ. ಸೈನ್ಯದ ಆ ಹಸಿರು ಕೋಟಿನ ಮೇಲೆ ಪಟ್ಟಿ ಇಲ್ಲ, ನಕ್ಷತ್ರ ಇಲ್ಲ. ಸಿಪಾಯಿ ಯಾರು, ಅಧಿಕಾರಿ ಯಾರು ಎಂದು ಗೊತ್ತಾಗುತ್ತಿದ್ದದ್ದು ಜೇಬಿನಿಂದ. ಸಿಪಾಯಿಗೆ ಎದೆಯ ಮೇಲೆ ಎರಡು. ಅಧಿಕಾರಿಗೆ ಎದೆಯ ಮೇಲೆ ಎರಡು, ಕೆಳಗೆ ಎರಡು. ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಿದ್ದರು. ಇವತ್ತು ನನ್ನ ಅಂಗಡಿಯಲ್ಲೂ ಅಷ್ಟೇ, ನಾಲ್ಕು ಜೇಬಿನದಕ್ಕೆ ಎರಡು ಜೇಬಿನದರ ಮೂರರಷ್ಟು ಬೆಲೆ.

ಈ ಜೇಬು ಟೋಂಗಕ್ಕನ ಮದುವೆಯಲ್ಲೂ ಇದೆ. ಅದನ್ನು ಅವರು ಗುಂಡಿ ಹಾಕುತ್ತಾ ನೂರು ಸಲ ಹೇಳಿರಬೇಕು.

"ರಜೆ ಮೇಲೆ ಬಂದಿದ್ದ ಕಣೇ ನಮ್ಮ ಮುದುಕ. ಸುರಂಗ ಕೊರೆಯೋ ರೈಲ್ವೆ ಪಡೆಯಲ್ಲಿದ್ದ. ನಮ್ಮ ಚಿಕ್ಕಮ್ಮನ ಮನೇಲಿ ನೋಡೋ ಶಾಸ್ತ್ರ. ಬಾಗಿಲಲ್ಲಿ ನಿಂತ. ನಾಲ್ಕು ಜೇಬು! ನಮ್ಮಮ್ಮ ಆಗಲೇ ಹಿಟ್ಟು ನಾದೋಕೆ ಶುರುಮಾಡಿದ್ರು. ಎರಡು ದಿನ ಬಿಟ್ಟು ಸ್ಟುಡಿಯೋಗೆ ಹೋಗಿ ಜೋಡಿ ಫೋಟೋ ತೆಗೆಸಿದ್ವಿ. ಎರಡು ತಿಂಗಳ ಮೇಲೆ ಮದುವೆ ದಿನ ಬಂದ ನೋಡು, ಎರಡೇ ಜೇಬು."

"ಆಮೇಲೆ?"

"'ಕೆಳಗಿನವು ಎಲ್ಲಿ?' ಅಂದೆ. 'ಮೇಲಿನವೂ ನನ್ನವಲ್ಲ, ಅದು ಪೂರ್ತಿ ನಮ್ಮ ನಾಯಕರ ಕೋಟು' ಅಂದ. ನನಗೆ ಅವನ ಮೇಲೆ ಬಂದಿದ್ದಕ್ಕಿಂತ ನನ್ನ ಮೇಲೇ ಸಿಟ್ಟು ಬಂತು. ಆ ಕೋಟಿನ ತೋಳು ಅವನ ಬೆರಳ ಗೆಣ್ಣಿನವರೆಗೂ ಇಳಿದಿತ್ತು. ದಿನಕ್ಕೆ ಇನ್ನೂರು ತೋಳು ಹೊಲಿಯೋಳು ನಾನು, ತೋಳು ನೋಡಲೇ ಇಲ್ಲ. ಜೇಬು ನೋಡ್ತಾ ಕೂತಿದ್ದೆ."

"ಬಿಟ್ಟು ಬಿಡಬೇಕಿತ್ತು."

"ಹಿಟ್ಟು ನಾದಿ ಆಗಿತ್ತಲ್ಲೇ. ಅವತ್ತಿಂದ ಇವತ್ತಿನವರೆಗೂ ಪಾತ್ರೆ ತೊಳೆಯೋದು ಅವನೇ. ಎರಡು ಜೇಬಿಗೆ ಐವತ್ತು ವರ್ಷದ ಪಾತ್ರೆ."

ನಗುತ್ತಲೇ ಹೇಳುತ್ತಿದ್ದರು. ಆದರೆ ಆ ಜೋಡಿ ಫೋಟೋವನ್ನು ಗೋಡೆಗೆ ಹಾಕಿರಲಿಲ್ಲ. ಒಂದು ಸಲ ಅವರ ಮನೆಗೆ ಹುಳಿ ಕೋಸು ತರಲು ಹೋದಾಗ ಕೇಳಿದೆ. "ಅದು ನಮ್ಮಿಬ್ಬರ ಫೋಟೋ ಅಲ್ಲ, ನನ್ನದೂ ಅವರ ನಾಯಕರ ಕೋಟಿನದೂ" ಅಂದರು. ಮುದುಕ ಮೆಂಗ್ ಚಾಂಗ್‌ಗೆಂಗ್ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತಾ, "ಕೋಟು ಚೆನ್ನಾಗೇ ಬಂದಿದೆ ಫೋಟೋದಲ್ಲಿ" ಅಂದ.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ನಾಲ್ಕು ವರ್ಷದ ಹಿಂದೆ ನಾಲ್ಕು ಜೇಬಿನ ಕೋಟುಗಳು ಸಿಗುವುದು ನಿಂತೇ ಹೋಯಿತು. ಎರಡು ಜೇಬಿನವು ಮಾತ್ರ ಹಳ್ಳಿಗಳಿಂದ ಮೂಟೆಗಟ್ಟಲೆ ಬರುತ್ತಿದ್ದವು. ಮೂಟೆಯನ್ನೂ ನೋಡಿದೆ, ಗುಂಡಿ ಹಾಕುತ್ತಾ ಕೂತಿದ್ದ ಟೋಂಗಕ್ಕನ ಕೈಯನ್ನೂ ನೋಡಿದೆ.

"ಅಕ್ಕಾ, ನಿವೃತ್ತರ ಹಾಡಿನ ತಂಡದೋರು ಬಂದಿದ್ರು. ನಾಟಕ ಆಡ್ತಾರಂತೆ. ಅಧಿಕಾರಿಗಳ ಕೋಟು ಬೇಕಂತೆ. ಹೊಸ ಬಟ್ಟೆ ದೀಪದ ಕೆಳಗೆ ಮಿಂಚುತ್ತಂತೆ. ಇವಕ್ಕೇ ಕೆಳಗೆ ಎರಡು ಜೇಬು ಇಡೋಕಾಗುತ್ತಾ?"

ಟೋಂಗಕ್ಕ ಸೂಜಿ ನಿಲ್ಲಿಸಿದರು. "ನಾಟಕಕ್ಕೇನಾ?"

"ನಾಟಕಕ್ಕೇ."

"ಹಂಗಾದ್ರೆ ಒಳಗೆ 'ನಾಟಕದ ಬಟ್ಟೆ' ಅಂತ ಮುದ್ರೆ ಒತ್ತಬೇಕು. ಪ್ರತಿಯೊಂದಕ್ಕೂ."

ಮುದ್ರೆ ಮಾಡಿಸಿದೆ. ಮೊದಲ ಕೋಟಿಗೆ ಅವರ ಕಣ್ಣೆದುರೇ ಒತ್ತಿದೆ. ಆಮೇಲೆ ಅವರು ಕೇಳಲಿಲ್ಲ, ನಾನು ಒತ್ತಲಿಲ್ಲ.

ಆ ಕೆಲಸ ನೋಡುವಂಥದ್ದು. ಎದೆಯ ಜೇಬು ಮೇಲೆ ಅಂಟಿಸಿ ಹೊಲಿದದ್ದು, ಸುಲಭ. ಕೆಳಗಿನದು ಹಾಗಲ್ಲ. ಕೋಟಿನ ಮೈಯನ್ನೇ ಬಾಯಿಯಂತೆ ಕತ್ತರಿಸಿ, ಒಳಗೆ ಚೀಲ ಇಳಿಬಿಟ್ಟು, ಮೇಲೆ ಮುಚ್ಚಳ ಕೂರಿಸಬೇಕು. ಒಮ್ಮೆ ಕತ್ತರಿಸಿದರೆ ಮತ್ತೆ ಎರಡು ಜೇಬಿನದು ಆಗುವುದಿಲ್ಲ. ಮುಚ್ಚಳದ ಬಟ್ಟೆಯೂ ಅಷ್ಟೇ ಬಿಸಿಲು ಕಂಡಿರಬೇಕು. ಅದಕ್ಕೆ ಅವರು ಹರಿದ ಕೋಟುಗಳ ಬೆನ್ನು ಬಿಚ್ಚಿ, ಬಾಗಿಲಿಗೆ ಒಯ್ದು ಹಗಲು ಬೆಳಕಿನಲ್ಲಿ ತುಂಡಿಗೆ ತುಂಡು ಹೊಂದಿಸುತ್ತಿದ್ದರು. ಮುಚ್ಚಳದ ಎರಡು ತುದಿಗೂ ಮೂರು ಹೊಲಿಗೆ ಹಿಂದಕ್ಕೆ ಹಾಕಿ, ದಾರವನ್ನು ಒಳಗೆ ಎಳೆದು ಕತ್ತರಿಸುವುದು ಅವರ ಅಭ್ಯಾಸ. ಕಾರ್ಖಾನೆಯಲ್ಲಿ ಎರಡೇ ಸಾಕಿತ್ತಂತೆ.

ಕೂಲಿ ಕೊಡಲು ಹೋದರೆ, "ಹಾಡೋ ಮುದುಕರ ಹತ್ರ ಏನು ತಗೊಳ್ಳೋದು? ದಾರದ ದುಡ್ಡು ಕೊಡು ಸಾಕು" ಅಂದರು. ನಾನು ದಾರದ ದುಡ್ಡು ಕೊಟ್ಟೆ. ಅದನ್ನಾದರೂ ಸರಿಯಾಗಿ ಕೊಟ್ಟೆ ಎಂದು ಆ ದಿನಗಳಲ್ಲಿ ನನ್ನ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯವೂ ಇತ್ತು.

ಒಂದು ದಿನ ಕೇಳಿದರು, "ಏನೇ ಸಣ್ಣ ಜಿನ್, ಇಷ್ಟೊಂದು ಅಧಿಕಾರಿಗಳಿರೋ ನಾಟಕದಲ್ಲಿ ಸಿಪಾಯಿ ಯಾರು?"

"ಸಿಪಾಯಿಗೆ ಮಾತು ಕಮ್ಮಿ ಅಕ್ಕ, ಒಬ್ಬ ಸಾಕಂತೆ."

ನಕ್ಕರು. ನಂಬಿದರು. ನಾಟಕ ಯಾವಾಗ ಅಂತ ಕೇಳುತ್ತಿದ್ದರು. ಮುಂದಿನ ವಸಂತಕ್ಕೆ ಅನ್ನುತ್ತಿದ್ದೆ. ಮೂರು ವಸಂತ ಹೋದವು. ನಲವತ್ತು ಕೋಟು. ಒಂದನ್ನೂ ನನ್ನ ಅಂಗಡಿಯಲ್ಲಿ ತೂಗುಹಾಕಲಿಲ್ಲ. ಕೆಲವನ್ನು ಫೋನಿನಲ್ಲಿ ಮಾರಿದೆ, ಮಿಕ್ಕವನ್ನು ಮೇಲಿನ ಮಹಡಿಯ ಲಿಯಾನ್ ದೆಫುಗೆ ಕೊಟ್ಟೆ. ಟೋಂಗಕ್ಕ ಮೇಲಕ್ಕೆ ಹೋಗುತ್ತಿರಲಿಲ್ಲ. ನೆಲಮಾಳಿಗೆಯಿಂದ ಬೀದಿಗೆ ಹತ್ತುವಷ್ಟರಲ್ಲೇ ಮಂಡಿ ನೋವು.

ಹೋದ ಶರತ್ಕಾಲದಲ್ಲಿ ಮುದುಕ ಮೆಂಗ್‌ನ ಹೊಟ್ಟೆಯಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಆಪರೇಷನ್‌ಗೆ ಸೋಮವಾರ ಗೊತ್ತು ಮಾಡಿದರು. ವಯಸ್ಸು ಎಪ್ಪತ್ತೇಳು. ಡಾಕ್ಟರು ಕಾಗದಕ್ಕೆ ಸಹಿ ಮಾಡಿಸಿಕೊಳ್ಳುವಾಗ ಮಗಳ ಮುಖ ನೋಡದೆ ಪೆನ್ನು ಕೊಟ್ಟರಂತೆ.

ಅದರ ಹಿಂದಿನ ವಾರ ಟೋಂಗಕ್ಕ ಅಂಗಡಿಗೆ ಬಂದು ಕೂತರು. ಹೊಲಿಯಲು ಏನನ್ನೂ ಎತ್ತಿಕೊಳ್ಳಲಿಲ್ಲ.

"ಸಣ್ಣ ಜಿನ್, ನಂಗೊಂದು ಎರಡು ಜೇಬಿಂದು ಬೇಕು. ಎರಡನೇ ನಂಬರು."

"ಯಾರಿಗೆ ಅಕ್ಕ?"

"ನಮ್ಮ ಮುದುಕನಿಗೆ. ಅವನದ್ದನ್ನ ಮಗಳು ಹುಟ್ಟಿದಾಗ ಕತ್ತರಿಸಿ ಅವಳಿಗೆ ಅಂಗಿ ಹೊಲಿದೆ. ಅವನು ಏನಾದ್ರೂ ಆಗಿಹೋದ್ರೆ ಗೋಡೆ ಮೇಲೆ ಇಡೋಕೆ ಆ ಸಾಲದ ಕೋಟಿನ ಫೋಟೋ ಬಿಟ್ಟರೆ ಅವನು ಸೈನ್ಯದ ಬಟ್ಟೆ ಹಾಕಿರೋ ಇನ್ನೊಂದಿಲ್ಲ. ಅವನೂ ಅದನ್ನೇ ಅಂದ. ಸತ್ತ ಮೇಲೂ ನಾಯಕರ ಕೋಟಲ್ಲಿ ನಿಲ್ಲಿಸಬೇಡ ಅಂದ. ಏಳು ವರ್ಷ ಕಲ್ಲು ಒಡೆದಿದ್ದಾನೆ ಎರಡು ಜೇಬು ಹಾಕ್ಕೊಂಡು. ಅದರಲ್ಲೇ ಒಂದು ಫೋಟೋ ಆಗ್ಲಿ. ಸೋಮವಾರದೊಳಗೆ."

ನಾನು ಎದ್ದು ಹುಡುಕುವ ಹಾಗೆ ಮಾಡಿದೆ. ಹುಡುಕುವ ಅಗತ್ಯವಿರಲಿಲ್ಲ. ಈ ಕೋಟುಗಳಲ್ಲಿ ನಂಬರು ಹೆಚ್ಚಿದಷ್ಟೂ ಅಳತೆ ಚಿಕ್ಕದು, ಎರಡನೇ ನಂಬರು ಚೆನ್ನಾಗಿ ಖರ್ಚಾಗುವ ಅಳತೆ. ಬಂದ ಒಂದೊಂದನ್ನೂ ಕತ್ತರಿಸಿ ಆಗಿತ್ತು. ಕತ್ತರಿಸಿದ್ದು ಯಾರೆಂದರೆ, ಎದುರಿಗೆ ಕೂತಿದ್ದರು.

"ಇಲ್ಲ ಅಕ್ಕ. ಐದನೇ ನಂಬರಿದೆ."

"ಅದು ಅವನ ಮೊಣಕೈಗೆ ಬರುತ್ತೆ."

"ಫೋನಲ್ಲಿ ತರಿಸಿ."

"ಮಗಳು ತರಿಸಿದ್ಲು. ಹೊಸಾದು, ಬಣ್ಣ ಹಾಕಿ ಹಳೇದು ಮಾಡಿದ್ದು, ಸೀಮೆಎಣ್ಣೆ ವಾಸನೆ. ಹಾಕ್ಕೊಂಡು ಕನ್ನಡಿ ನೋಡಿ, 'ಆ ಹಳೇ ಕಾಲದ ಥರ ಮಾಡಿರೋ ಹೋಟೆಲಲ್ಲಿ ಪ್ಲೇಟ್ ಎತ್ತೋನ ಹಂಗಿದ್ದೀನಿ' ಅಂದ. ನಾನೇ ಹೊಲೀಬಹುದು, ಆದ್ರೆ ಅದೂ ಹೊಸಾದೇ ತಾನೆ?" ಎದ್ದರು. "ಇರ್ಲಿ, ಮೇಲೆ ಕೇಳಿ ಬರ್ತೀನಿ."

"ನಿಮ್ಮ ಮಂಡಿ ಅಕ್ಕ! ನಾನೇ ಹೋಗಿ ಕೇಳ್ತೀನಿ, ಕೂತ್ಕೊಳ್ಳಿ."

"ನೀನು ನಂಬರು ನೋಡ್ತೀಯ. ನಾನು ಬಟ್ಟೆ ನೋಡಬೇಕು."

ಕಂಬಿ ಹಿಡಿದು ಹತ್ತಿದರು. ನಾನು ಕೆಳಗೆ ನಿಂತು ಹೆಜ್ಜೆ ಎಣಿಸಿದೆ.

ಮೇಲೆ ನಡೆದದ್ದನ್ನು ಆಮೇಲೆ ಲಿಯಾನ್ ಹೇಳಿದ. ಅಂಗಡಿ ಅಂಗಡಿಯಲ್ಲೂ ಒಂದೇ ಉತ್ತರ ಸಿಕ್ಕಿತಂತೆ: ಎರಡು ಜೇಬಿನವನ್ನೆಲ್ಲ ಕೆಳಗಿನ ಜಿನ್ ಬಳಿದುಕೊಂಡು ಹೋಗಿದ್ದಾಳೆ. ಕೊನೆಗೆ ಇವನ ಅಂಗಡಿಗೆ ಬಂದರು. ಗಾಜಿನ ಹಿಂದೆ ಒಂದೇ ಒಂದು ಹಸಿರು ಕೋಟು, ಮೇಲೆ ಚೀಟಿ: ಅಧಿಕಾರಿಯದ್ದು, ಅಪ್ಪಟ. ತೆಗೆಸಿ ನೋಡಿದರು. ಮೊದಲು ತೋಳು ನೋಡಿದರಂತೆ. ಆಮೇಲೆ ಕೆಳಗಿನ ಮುಚ್ಚಳದ ತುದಿ. ಆಮೇಲೆ ಒಳಮೈ ಬಿಡಿಸಿ, ಬಲ, ಎಡ, ಬೆನ್ನು, ಎಲ್ಲಾ ಕಡೆ ಮುದ್ರೆ ಹುಡುಕಿದರಂತೆ.

"ಇದು ನಾಟಕದ್ದಲ್ವಾ?"

"ಏನಜ್ಜಿ, ಬೆಲೆ ಇಳಿಸೋಕೆ ಹಿಂಗೂ ಅಂತಾರಾ?" ಲಿಯಾನ್ ನಕ್ಕಿದ್ದಾನೆ. "ರೆಜಿಮೆಂಟ್ ಅಧಿಕಾರಿ ಮನೆಯಿಂದ ಬಂದದ್ದು. ಜಿನ್‌ನೇ ಕೇಳಿ, ಅವಳೇ ತಂದುಕೊಟ್ಟಿದ್ದು."

ಇಳಿದು ಬಂದರು. ಆ ಕುರ್ಚಿಯಲ್ಲಿ ಕೂರಲಿಲ್ಲ. ಅಂಗಡಿಯಲ್ಲಿ ಒಬ್ಬ ಗಿರಾಕಿ ಟೋಪಿ ಹಾಕಿ ನೋಡುತ್ತಿದ್ದ. ಅವನು ಹೋಗುವವರೆಗೂ ಸುಮ್ಮನೆ ನಿಂತರು. ನನ್ನ ವ್ಯಾಪಾರ ಕೆಡಿಸಬಾರದೆಂದು ಆಗಲೂ ಕಾದರು.

"ಎಷ್ಟು?"

"ನಲವತ್ತು, ಅಕ್ಕ."

"ಎರಡನೇ ನಂಬರಿನವು?"

"ಹದಿನೇಳು ಇರಬೇಕು."

"ಹದಿನೇಳು" ಅಂದರು. ಸೊಟ್ಟ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಹದಿನೇಳನ್ನ ಕತ್ತರಿಸಿದೀನಿ ನಾನು. ಈಗ ಅವನಿಗೆ ಒಂದಿಲ್ಲ."

"ಅಕ್ಕಾ, ನನಗೇನು ಗೊತ್ತಿತ್ತು ನಿಮಗೇ ಬೇಕಾಗುತ್ತೆ ಅಂತ?"

ಬಾಯಿಂದ ಬಿದ್ದ ಮೇಲೆ ಆ ಮಾತಿನ ಹೊಲಸು ನನಗೇ ಹೊಡೆಯಿತು.

"ಬೇರೆಯೋರಿಗೆ ಬೇಕಾಗಿದ್ರೆ ಪರವಾಗಿರ್ಲಿಲ್ವಾ?" ದನಿ ಏರಲಿಲ್ಲ. "ಅವನು ಮೋಸ ಮಾಡಿದ್ದು ಹೆಂಡ್ತಿ ಸಿಗಲಿ ಅಂತ. ಮದುವೆ ದಿನ ತನ್ನದೇ ಕೋಟಲ್ಲಿ ತಾನಾಗೇ ಬಂದು ಎದುರಿಗೆ ನಿಂತ, ಕೇಳಿದ್ದಕ್ಕೆ ನಿಜ ಹೇಳಿದ. ಎರಡೇ ತಿಂಗಳಿಗೆ. ನೀನು ಮೂರು ವರ್ಷ ನನ್ನ ಜೊತೆ ಒಂದೇ ಡಬ್ಬಿಲಿ ಉಂಡಿದ್ದೀಯ, ಸಣ್ಣ ಜಿನ್. ನಾಟಕ ಯಾವಾಗ ಅಂತ ಕೇಳಿದಾಗೆಲ್ಲ ಒಂದು ತಾರೀಖು ಹೇಳ್ದೆ. ನಾನು ಅದಕ್ಕೆ ಹಾಕ್ಕೊಂಡು ಹೋಗೋ ಶೂ ತೆಗೆದಿಟ್ಟಿದ್ದೆ."

ಪೂರ್ತಿ ಮೂರು ವರ್ಷದ ಕೂಲಿ ಕೊಡುತ್ತೇನೆ, ಲಿಯಾನ್‌ನ ಕೋಟು ಇಳಿಸಿಕೊಡುತ್ತೇನೆ ಎಂದು ಏನೇನೋ ಅಂದೆ. ನಾನು ಬಲ್ಲದ್ದು ಅದೊಂದೇ ಭಾಷೆ.

"ನಿನ್ನ ದುಡ್ಡು ನಿನ್ನ ಹತ್ರಾನೇ ಇರ್ಲಿ. ಯಾರ್ಯಾರು ತಗೊಂಡಿದಾರೋ ಅವರಿಗೆ ಹೇಳು. ಕೆಳಗಿನ ಜೇಬು ನಾಟಕದ್ದು ಅಂತ. ಅಷ್ಟೇ."

ಕೋಸಿನ ಚೀಲ ಎತ್ತಿಕೊಂಡು ಹೊರಟರು. ಸೂಜಿ ಚುಚ್ಚದಿರಲೆಂದು ಅವರು ಹಾಕುವ ಬೆರಳುಗವಸು ನನ್ನ ಹೊಲಿಗೆ ಯಂತ್ರದ ಮೇಲೇ ಉಳಿಯಿತು. ಓಡಿಹೋಗಿ ಕೊಟ್ಟೆ. ತೆಗೆದುಕೊಂಡರು, ಥ್ಯಾಂಕ್ಸ್ ಎಂದು ಕೂಡ ಅಂದರು, ಅಪರಿಚಿತರಿಗೆ ಹೇಳುವ ಹಾಗೆ.

ಅದೇ ಸಂಜೆಯಿಂದ ನಾನು ಊರೂರಿನ ವ್ಯಾಪಾರಿಗಳಿಗೆ ಫೋನು ಹಚ್ಚಿದೆ. ಎರಡು ಜೇಬು, ಎರಡನೇ ನಂಬರು, ಎಷ್ಟಾದರೂ ಸರಿ. ನಾನು ಎಷ್ಟಾದರೂ ಸರಿ ಎಂದದ್ದನ್ನು ಕೇಳಿ ಒಬ್ಬ ನನ್ನ ಫೋನು ಕಳುವಾಗಿದೆ ಎಂದು ತಿಳಿದನಂತೆ. ಜಿಲಿನ್‌ನಿಂದ ಒಂದು ಬಂತು. ಬುಧವಾರ ಬಂತು. ಸೋಮವಾರ ಕಳೆದು ಎರಡು ದಿನವಾಗಿತ್ತು.

ಫೋಟೋ ಭಾನುವಾರವೇ ತೆಗೆಸಿದ್ದರು. ಮನೆಯ ಕೆಳಗಿನ ಸ್ಟುಡಿಯೋದಲ್ಲಿ, ಮುದುಕ ಮೆಂಗ್ ದಿನವೂ ತೊಡುವ ಬೂದಿ ಸ್ವೆಟರಿನಲ್ಲಿ. ಕೋಟು ಸಿಗಲಿಲ್ಲವೆಂದಾಗ ಅವನು, "ಸುರಂಗದೊಳಗೆ ಸೆಕೆಗೆ ಬನಿಯನ್ ಮೇಲೇ ಇರ್ತಿದ್ವಿ, ಯಾರಿಗೆ ಎಷ್ಟು ಜೇಬು ಅಂತ ಯಾರಿಗೂ ಕಾಣ್ತಿರ್ಲಿಲ್ಲ" ಅಂದನಂತೆ. ಆ ಮಾತಿಗೇ ಟೋಂಗಕ್ಕ ಅತ್ತರೆಂದು ಅವನೇ ನನಗೆ ಹೇಳಿದ. ಅವನು ಬದುಕಿಕೊಂಡ. ಅರ್ಧ ಹೊಟ್ಟೆ ಹೋಯಿತು, ಬಾಯಿ ಹೋಗಲಿಲ್ಲ. ಈಗಲೂ ತಿಂಗಳಿಗೊಮ್ಮೆ ಮಾರುಕಟ್ಟೆ ಬಾಗಿಲಲ್ಲಿ ಚದುರಂಗ ಆಡಲು ಬರುತ್ತಾನೆ, ಹೋಗುವಾಗ ನನ್ನ ಅಂಗಡಿಯಲ್ಲಿ ಬಿಸಿನೀರು ಕುಡಿಯುತ್ತಾನೆ.

ಜಿಲಿನ್‌ನ ಕೋಟನ್ನು ಅವನ ಕೈಯಲ್ಲಿ ಕಳಿಸಿದೆ. ಮರುದಿನ ವಾಪಸ್ ತಂದ.

"ಬೇಡವಂತೆ."

"ಸಿಟ್ಟು ಇಳಿದಿಲ್ವಾ ಅಣ್ಣ?"

"ಸಿಟ್ಟಿದ್ರೆ ಇಳಿದಿರೋದು. ನನ್ನನ್ನ ಬೈದಳು, ಐವತ್ತು ವರ್ಷ ಬೈದಳು, ಅದು ಸಿಟ್ಟು. ನಿನ್ನ ಹೆಸರು ಬಂದ್ರೆ ಟೀವಿ ಸೌಂಡು ಜಾಸ್ತಿ ಮಾಡ್ತಾಳೆ."

"ನಿಮ್ಮನ್ನ ಕ್ಷಮಿಸಿದ್ರಲ್ಲ."

"ನಾನು ಮನೇಲೇ ಇದ್ದೆನಲ್ಲಮ್ಮ. ದಿನಾ ಎಡವಬೇಕಾಗಿತ್ತು ನನ್ನ. ನೀನಾದ್ರೆ ಎರಡು ಬಸ್ಸು ಬದಲಾಯಿಸಿ ಬರಬೇಕು." ಬಿಸಿನೀರು ಮುಗಿಸಿ ಲೋಟವನ್ನು ತಾನೇ ತೊಳೆದಿಟ್ಟ.

ಮೊದಲು ಲಿಯಾನ್‌ನ ಗಾಜಿನ ಹಿಂದಿದ್ದ ಕೋಟನ್ನು ಇಳಿಸಿದೆ. ಉಳಿದದ್ದು ಮೂವತ್ತೊಂಬತ್ತು. ಅವನ ಪುಸ್ತಕದಿಂದ, ನನ್ನ ಫೋನಿನಿಂದ ಸಿಕ್ಕ ಹೆಸರುಗಳನ್ನು ಹಿಡಿದು ಹೇಳುತ್ತಾ ಬಂದಿದ್ದೇನೆ. ಒಬ್ಬ ಹುಡುಗಿ, "ಇರ್ಲಿ ಬಿಡಿ ಆಂಟಿ, ಫೋನು ಇಡೋಕೆ ಕೆಳಗಿನ ಜೇಬೇ ಅನುಕೂಲ" ಅಂದಳು. ಒಬ್ಬ ವಕೀಲ ಕೇಸು ಹಾಕುತ್ತೇನೆಂದ, ಆಮೇಲೆ ಹಾಕಲಿಲ್ಲ. ಫುಶುನ್‌ನ ಒಬ್ಬಾತ ಅಪ್ಪನ ನೆನಪಿಗೆಂದು ಕೊಂಡಿದ್ದ. ಅಪ್ಪ ಅಧಿಕಾರಿಯಾಗಿದ್ದರೆಂದು ತಾಯಿ ಹೇಳುತ್ತಾ ಬಂದಿದ್ದಳಂತೆ. ಕೋಟನ್ನು ಆಕೆಯ ಹಾಸಿಗೆಯ ಎದುರಿಗೇ ತೂಗುಹಾಕಿದ್ದಾನೆ. ನಾನು ಹೇಳಿದ್ದನ್ನು ಪೂರ್ತಿ ಕೇಳಿ, "ನೀವು ಫೋನು ಮಾಡಲೇ ಇಲ್ಲ ಅಂತ ಇಟ್ಕೊಳ್ಳೋಣ" ಎಂದು ಇಟ್ಟುಬಿಟ್ಟ. ಅವನಿಗೆ ಮೋಸ ಮಾಡಿದ್ದು ಒಮ್ಮೆಯೋ ಎರಡು ಸಲವೋ, ನನಗೆ ಗೊತ್ತಾಗುತ್ತಿಲ್ಲ.

ಎಂಟು ಜನರಿಗೆ ಹೇಳಿದ್ದೇನೆ. ಟೋಂಗ್ ಯಾಝೆನ್ ಅವರ ಕೈಕೆಲಸ ಸಾಚಾ, ಸುಳ್ಳು ನನ್ನದು ಎಂದು ಇನ್ನು ಮೂವತ್ತೊಂದು ಜನರಿಗೆ ಹೇಳುವುದು ಟೋಂಗಕ್ಕನಿಗೆ ನಾನು ತೀರಿಸಬೇಕಾದ ಬಾಕಿ.